ಪ್ರೆಸ್ ಇಲ್ಲದೆಯೂ ಲಿನೋ ಅಚ್ಚು ತೆಗೆಯಬಹುದು
ಉಡುಪಿಯ ನಿಮ್ಮ ಹೈಸ್ಕೂಲಿನಲ್ಲಿ ಅಚ್ಚೊತ್ತುವ ಪ್ರೆಸ್ ಇಲ್ಲ, ಒಂಬತ್ತನೇ ತರಗತಿಗೆ ಲಿನೋಕಟ್ (ಲಿನೋ ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೊರೆದು, ಮಸಿ ಹಚ್ಚಿ ಅಚ್ಚು ತೆಗೆಯುವ ಕಲೆ) ಹೇಗೆ ಕಲಿಸಲಿ ಅಂತ ಕೇಳಿದ್ದೀರಿ. ಪ್ರೆಸ್ ಬೇಡ ಟೀಚರ್. ಮಸಿ ಹಚ್ಚಿದ ಲಿನೋ ಮೇಲೆ ತೆಳು ಕಾಗದ ಇಟ್ಟು, ಸ್ಟೀಲ್ ಚಮಚದ ಹಿಂಬದಿಯಿಂದ ಉಜ್ಜಿಸಿ. ಮೂಲೆ ಎತ್ತಿ ನೋಡಿ, ಮಸಿ ಹಿಡಿಯದ ಕಡೆ ಮತ್ತೆ ಉಜ್ಜಿದರಾಯಿತು.

ನನಗೆ ಜಾಸ್ತಿ ಚಿಂತೆ ಲಿನೋ ಕೊರೆಯುವ ಚೂಪಾದ ಉಳಿಯದ್ದೇ. ಉಳಿ ಹೋಗುವ ದಾರಿಯಲ್ಲಿ ಇನ್ನೊಂದು ಕೈ ಇರಲೇಬಾರದು. ಇದನ್ನು ಪ್ರತಿ ಪೀರಿಯಡ್‌ನಲ್ಲೂ ಹೇಳಿ. ಗಟ್ಟಿ ಲಿನೋದಲ್ಲಿ ಉಳಿ ಜಾರುತ್ತದೆ, ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗುತ್ತದೆ. ಮಳೆಗಾಲವಾದರೆ ಕಾಗದ ಮೇಲಿಟ್ಟು ಹದ ಬಿಸಿಯ ಇಸ್ತ್ರಿ ಪೆಟ್ಟಿಗೆ ಆಡಿಸಿ.

ಚಿತ್ರಕ್ಕೆ ಯಕ್ಷಗಾನದ ಕಿರೀಟ ಚೆನ್ನಾಗಿರುತ್ತದೆ. ಹೆಸರು ಕೊರೆಯುವುದಾದರೆ, ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ, ಅಕ್ಷರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆಯಬೇಕು. ಕೊರೆಯುವ ಮೊದಲು ಉಡುಪಿ ಹತ್ತಿರದ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರ ತೋರಿಸಿ. ನಮ್ಮೂರವರೇ ಅಲ್ವಾ, ಮಕ್ಕಳಿಗೆ ಖುಷಿಯಾಗುತ್ತದೆ.