ಹಳೆ ಮನೆ ಮಹಡಿಯ ಮರದ ನೆಲ ಕಪ್ಪಾಗಿದೆ. ಮೆಷಿನ್ ಬಾಡಿಗೆಗೆ ತಂದು ನಾವೇ ಉಜ್ಜಿ ಪಾಲಿಶ್ ಮಾಡಬಹುದಾ?

ಮಾಡಬಹುದು. ಮೂಡಿಗೆರೆ ಹತ್ತಿರ ನಮ್ಮ ಮನೆ ಮಹಡಿಯನ್ನು ಮೂರು ವರ್ಷದ ಹಿಂದೆ ನಾನೇ ಮಾಡಿದೆ. ಎರಡು ಕೋಣೆ, ಒಂದು ಉದ್ದ ಜಗಲಿ. ಒಂದು ಕೋಣೆ ಚೆನ್ನಾಗಿ ಬಂತು. ಇನ್ನೊಂದರಲ್ಲಿ ಮಂಚ ಎಲ್ಲಿದೆ ನೋಡಿದರೆ ನನ್ನ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ.

ನಿಮ್ಮದು ಕೊಪ್ಪದ ಕಡೆ ಅಜ್ಜನ ಕಾಲದ ಮನೆ, ಯಾವ ಮರ ಅಂತ ಗೊತ್ತಿಲ್ಲ, ಮಳೆ ನಿಂತ ಕೂಡಲೇ ಶುರು ಮಾಡಬೇಕು ಅಂದಿದ್ದೀರಿ. ಮೆಷಿನ್ ವಿಚಾರ ಆಮೇಲೆ. ಮೊದಲು ಮೂಲೆಯಲ್ಲಿ ನಾಲ್ಕು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಹಳೆ ಪಾಲಿಶ್ ಇನ್ನೂ ಜೀವ ಹಿಡಿದಿದೆ. ಹಲಗೆ ನೀರು ಕುಡಿದು ಕಪ್ಪಾದರೆ ಮೇಲಿನ ಪದರ ಹೋಗಿದೆ. ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಒಂದಡಿ ಜಾಗ ಉಜ್ಜಿ ನೋಡಿ. ನಮ್ಮ ಜಗಲಿಯ ಕಪ್ಪೆಲ್ಲ ವರ್ಷಗಟ್ಟಲೆ ಬಳಿದ ಮೇಣ, ಅದರ ಮೇಲೆ ಕೂತ ಒಲೆ ಹೊಗೆ. ಬಟ್ಟೆಗೇ ಬಿಟ್ಟುಬಂತು, ಅಲ್ಲಿ ಮೆಷಿನ್ ಇಡಲೇ ಇಲ್ಲ. ಸುಮ್ನೆ ಉಜ್ಜಿ ಹಲಗೆ ಸವೆಸಬೇಡಿ. ಬೀಟೆ, ತೇಗದ ಹಲಗೆಗೆ ಇವತ್ತು ಎಷ್ಟಾಗುತ್ತೆ ಅಂತ ನಿಮಗೇ ಗೊತ್ತು.

ಕೆಳಗಿನಿಂದಲೂ ಒಮ್ಮೆ ತೊಲೆ ನೋಡಿ. ಕುಟ್ಟೆ ಹಿಡಿದು ಹಿಟ್ಟು ಉದುರುತ್ತಿದ್ದರೆ, ಗೆದ್ದಲು ಇದ್ದರೆ, ಮೊದಲು ಮರಗೆಲಸದ ಆಚಾರ್ರನ್ನು ಕರೆಸಿ. ಪಾಲಿಶ್ ಓಡಿಹೋಗಲ್ಲ.

ಮಳೆ ನಿಂತ ಕೂಡಲೇ ಬೇಡ. ಹಲಗೆ ನೀರು ಕುಡಿದು ಉಬ್ಬಿರುತ್ತದೆ. ಜನವರಿ, ಫೆಬ್ರವರಿ ಒಳ್ಳೆಯದು. ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು ಮುಗಿಸಿ. ಆದರೆ ಆಗ ಕಣದಲ್ಲಿ ಕಾಫಿ ಹರಡಿರುತ್ತೆ ಅಲ್ವಾ? ನಾನು ಕಿಟಕಿ ತೆಗೆದು ಉಜ್ಜಿದೆ. ಪುಡಿಯೆಲ್ಲ ಒಣಗುತ್ತಿದ್ದ ಕಾಫಿ ಮೇಲೆ. ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಇನ್ನು ಮೊಳೆ. ಪಂಚ್ ಇಟ್ಟು ಹೊಡೆದು ಪ್ರತಿ ಮೊಳೆ ತಲೆಯನ್ನೂ ಎರಡು ಮೂರು ಮಿಲಿಮೀಟರ್ ಒಳಗೆ ಇಳಿಸಿ. ಒಂದು ಬಿಟ್ಟರೂ ಮೆಷಿನ್‌ಗೆ ಸುತ್ತಿದ ಉಪ್ಪು ಕಾಗದದ ಬೆಲ್ಟ್ ಹರಿಯುತ್ತದೆ, ಕಿಡಿ ಹಾರುತ್ತದೆ. ಬೇಜಾರಿನ ಕೆಲಸ. ನನಗೆ ಒಂದು ಕೋಣೆಗೇ ಅರ್ಧ ದಿನ ಹಿಡಿಯಿತು.

ಉಪ್ಪು ಕಾಗದದ ನಂಬರ್ ಕಡಿಮೆ ಇದ್ದಷ್ಟೂ ಅದು ಒರಟು. 40 ಬೇಕಾಗುವುದು ಹಲಗೆ ಬಾಗಿ ಅಂಚು ಎದ್ದಿದ್ದರೆ ಮಾತ್ರ. ಇಲ್ಲದಿದ್ದರೆ 60ರಿಂದ ಶುರು ಮಾಡಿ 80, ಆಮೇಲೆ 120. ನಡುವೆ ಒಂದನ್ನು ಹಾರಿಸಿದರೆ ಹಿಂದಿನ ಗೀರು ಉಳಿಯುತ್ತೆ, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತೆ. ರಾತ್ರಿ ಟಾರ್ಚನ್ನು ನೆಲದ ಮೇಲೆ ಮಲಗಿಸಿ ಹಚ್ಚಿ, ಎಲ್ಲ ಗೀರೂ ತಾನೇ ತೋರಿಸಿಕೊಳ್ಳುತ್ತೆ. ಯಾವಾಗಲೂ ಮರದ ಎಳೆ ಹೋದ ಕಡೆಗೇ ಉಜ್ಜಬೇಕು. ಮೂಲೆಗಳಿಗೆ ಮೆಷಿನ್ ಹೋಗಲ್ಲ. ಅಲ್ಲಿ ನಮ್ಮ ಆಚಾರ್ರು ಒಡೆದ ಗಾಜಿನ ಚೂರಿನಲ್ಲಿ ಕೆರೆದು ತೋರಿಸಿದರು. ಬೆಣ್ಣೆ ತೆಗೆದ ಹಾಗೆ ಬಂತು.

ಉಜ್ಜುವ ಮೆಷಿನ್, ಅಂದರೆ ಬೆಲ್ಟ್ ಸ್ಯಾಂಡರ್, ಆನ್ ಇರುವಾಗ ಒಂದೇ ಕಡೆ ನಿಲ್ಲಿಸಬೇಡಿ. ನನಗೆ ಫೋನ್ ಬಂತು, ತಲೆ ತಿರುಗಿಸಿದೆ. ಮೂರೇ ಸೆಕೆಂಡು. 40ರ ಬೆಲ್ಟ್ ಅಲ್ಲೇ ಒಂದು ಹಳ್ಳ ತೋಡಿತು. ಈಗಲೂ ಮಗಳು ಗೋಲಿ ಬಿಟ್ಟರೆ ಅಲ್ಲಿಗೇ ಬಂದು ನಿಲ್ಲುತ್ತದೆ. ಅದರ ಮೇಲೇ ಮಂಚ ಇರುವುದು.

ಉಜ್ಜಿದಾಗ ಮರ ಯಾವುದು ಅಂತ ಗೊತ್ತಾಗುತ್ತದೆ. ಹಲಸು ಹಳದಿ, ತೇಗ ಹೊಂಬಣ್ಣ, ಬೀಟೆ ನೇರಳೆ ಮಿಶ್ರಿತ ಕಂದು. ಬೀಟೆಯ ಪುಡಿಗೆ ಸಿಹಿ ವಾಸನೆ, ಆದರೆ ಕೆಲವರ ಮೈಗೆ ಆಗಲ್ಲ. ನನಗೆ ಮೊಣಕೈ ತನಕ ದದ್ದು ಎದ್ದಿತು. ತುಂಬು ತೋಳಿನ ಅಂಗಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಹಳೆ ಬಣ್ಣ ಬಳಿದಿದ್ದರೆ ಇನ್ನೂ ಹುಷಾರು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರಲ್ಲಿ. ಅಜ್ಜನ ಕಾಲದ ಬಣ್ಣವನ್ನು ಒಣಗಿದ ಹಾಗೇ ಉಜ್ಜಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಹಲಗೆ ನಡುವಿನ ಸಂದು ತುಂಬಲು ಹೋಗಬೇಡಿ. ನಾನು ಅದೇ ಮರದ ಪುಡಿಗೆ ಫೆವಿಕಾಲ್ ಕಲಸಿ ಮೆತ್ತಿದ್ದೆ. ಬೇಸಿಗೆಯಲ್ಲಿ ಚೆಂದ ಕಂಡಿತು. ಜುಲೈಯಲ್ಲಿ ಹಲಗೆ ಉಬ್ಬಿ, ಎಲ್ಲ ಹಪ್ಪಳದ ಹಾಗೆ ಎದ್ದು ಬಂತು. ಮೊಳೆ ತೂತಿಗೆ ಮಾತ್ರ ಅದು ಸರಿ.

ಪಾಲಿಶ್ ಯಾವುದು? ಅರಗಿನ ಸ್ಪಿರಿಟ್ ಪಾಲಿಶ್ ಕುರ್ಚಿಗೆ ಚೆಂದ, ನೆಲಕ್ಕೆ ಬೇಡ. ನೀರು ಬಿದ್ದ ಕಡೆ ಬಿಳಿ ಕಲೆ ಉಳಿಯುತ್ತೆ. ಉಳಿದಿದ್ದು ಎರಡು. ಅಗಸೆ ಎಣ್ಣೆ ಹಚ್ಚಿದರೆ ಗೀರು ಬಿದ್ದ ಜಾಗಕ್ಕೆ ಮಾತ್ರ ಮತ್ತೆ ಹಚ್ಚಿಕೊಳ್ಳಬಹುದು, ಕಾಲಿಗೂ ಹಿತ. ನನಗೆ ಅದೇ ಇಷ್ಟ. ಆದರೆ ಮಳೆಗಾಲದಲ್ಲಿ ಮನೆ ಬೀಗ ಹಾಕಿಟ್ಟರೆ ಬೂಸ್ಟು ಬರುತ್ತದೆ. ನೀವು ಬೆಂಗಳೂರಲ್ಲಿದ್ದು ಹಬ್ಬಕ್ಕೆ ಮಾತ್ರ ಬರುವವರಾದರೆ ಎರಡನೆಯದು, ಪಿಯು (ಪಾಲಿಯುರೆಥೇನ್ ವಾರ್ನಿಶ್) ಹಾಕಿಸಿ. ತೇಗ, ಬೀಟೆಯಲ್ಲಿ ಮರದ್ದೇ ಎಣ್ಣೆ ಇರುತ್ತದೆ, ಅದಕ್ಕೆ ಪಿಯುಗೆ ಮೊದಲು ಥಿನ್ನರ್‌ನಲ್ಲಿ ಒರೆಸಬೇಕು. ಮೂರು ಕೋಟ್, ನಡುವೆ 220ರಲ್ಲಿ ಹಗುರವಾಗಿ ಒಂದು ಕೈ. ಮಂಜು ಮುಸುಕಿದ ಬೆಳಿಗ್ಗೆ ಹಚ್ಚಬೇಡಿ.

ಎಣ್ಣೆಯೇ ಆದರೆ, ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗೇ ಬೆಂಕಿ ಹೊತ್ತಿಕೊಳ್ಳಬಹುದು. ಅದೂ ಕೆಳಗೆ ಮರದ ಪುಡಿ ಇರುವ ಮರದ ಮನೆಯಲ್ಲಿ. ನೀರಲ್ಲಿ ಅದ್ದಿ, ಹೊರಗೆ ಬಯಲಲ್ಲಿ ಬಿಡಿಸಿ ಹರಡಿ.

ಪಿಯು ಮರುದಿನವೇ ಒಣಗಿದ ಹಾಗೆ ಕಾಣುತ್ತದೆ, ಪೂರ್ತಿ ಗಟ್ಟಿಯಾಗಲು ವಾರ ಬೇಕು. ಅಲ್ಲಿ ತನಕ ಚಾಪೆ ಹಾಸಬೇಡಿ. ಮಂಚವನ್ನು ಎಳೆಯಬೇಡಿ, ನಾಲ್ಕು ಜನ ಸೇರಿ ಎತ್ತಿಡಿ.