ಗೆಡ್ಡೆ ಇದ್ದದ್ದು ಅಂಡಾಶಯದಲ್ಲಿ, ಕತ್ತಿನ ಥೈರಾಯ್ಡ್ ಯಾಕೆ ತೆಗೀಬೇಕು?

ನಿಮ್ಮ ತಂಗಿಗೆ ಆಗಿರುವ ಸ್ಟ್ರೂಮಾ ಒವೇರಿಯೈ, ಅಂದರೆ ಅಂಡಾಶಯದಲ್ಲಿ ಥೈರಾಯ್ಡ್ ಅಂಗಾಂಶ ಬೆಳೆಯುವ ಗೆಡ್ಡೆ, ನನಗೂ ಆಗಿತ್ತು. ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್ ಔಷಧ) ಕೊಡುವುದಕ್ಕಾಗಿ ಚೆನ್ನಾಗಿರುವ ಥೈರಾಯ್ಡನ್ನೇ ತೆಗೆಯಬೇಕೆನ್ನುತ್ತಾರೆ, ಇದು ಸರಿಯೇ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ.

ಮೊದಲು ಬಯಾಪ್ಸಿ ರಿಪೋರ್ಟ್ ನೋಡಿ. ಅಂಡಾಶಯದ ಟೆರಟೋಮಾದಲ್ಲಿ (ಬೇರೆ ಬೇರೆ ಬಗೆಯ ಅಂಗಾಂಶ ಬೆಳೆಯುವ ಗೆಡ್ಡೆಯಲ್ಲಿ) ಅರ್ಧಕ್ಕಿಂತ ಹೆಚ್ಚು ಥೈರಾಯ್ಡ್ ಅಂಗಾಂಶವೇ ಇದ್ದರೆ ಸಾಮಾನ್ಯವಾಗಿ ಈ ಹೆಸರು ಕೊಡುತ್ತಾರೆ. ಬಹುಪಾಲು ಗೆಡ್ಡೆಗಳು ಕ್ಯಾನ್ಸರ್ ಅಲ್ಲ. ಆಪರೇಷನ್‌ ಆದರೆ ಮುಗಿಯಿತು, ಅಯೋಡಿನ್ ಮಾತೇ ಬರುವುದಿಲ್ಲ. ಕ್ಯಾನ್ಸರ್ ಆಗಿದ್ದರೂ ಅಂಡಾಶಯದೊಳಗೇ ಉಳಿದಿದ್ದರೆ, ಅಯೋಡಿನ್ ಬೇಕೋ ಬೇಡವೋ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಅಂಥ ಸಂದರ್ಭವಾದರೆ ದಯವಿಟ್ಟು ಇನ್ನೊಬ್ಬ ತಜ್ಞರನ್ನೂ ಕೇಳಿ. ನನ್ನದು ಹೊಟ್ಟೆಯ ಒಳಪದರಕ್ಕೆ ಹರಡಿತ್ತು, ಹಾಗಾಗಿ ಯೋಚಿಸಲು ಹೆಚ್ಚೇನೂ ಉಳಿದಿರಲಿಲ್ಲ.

ಈಗ ಕತ್ತಿನ ವಿಷಯ. ಅಯೋಡಿನ್ ಹೀರುವುದು ಥೈರಾಯ್ಡ್ ಕೋಶದ ಹುಟ್ಟುಗುಣ, ಅದು ಕತ್ತಿನಲ್ಲಿರಲಿ, ಹೊಟ್ಟೆಯಲ್ಲಿರಲಿ. ಕತ್ತಿನ ಗ್ರಂಥಿ ಹಾಗೇ ಇದ್ದರೆ ಔಷಧದ ದೊಡ್ಡ ಪಾಲನ್ನು ಅದೇ ಎಳೆದುಕೊಳ್ಳುತ್ತದೆ. ಈ ಔಷಧದಲ್ಲಿರುವ ಅಯೋಡಿನ್-131 ಸೂಸುವ ಬೀಟಾ ಕಣಗಳು ಒಂದೆರಡು ಮಿಲಿಮೀಟರ್ ದೂರ ಮಾತ್ರ ಹೋಗಬಲ್ಲವು. ಹಾಗಾಗಿ ಕ್ಯಾನ್ಸರ್ ಕೋಶಗಳೇ ಔಷಧವನ್ನು ಹೀರಿಕೊಳ್ಳದಿದ್ದರೆ ಉಪಯೋಗವಿಲ್ಲ. ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು: ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಕೋಶಗಳು ತಯಾರಿಸುವ ಪ್ರೋಟೀನ್) ರಕ್ತಪರೀಕ್ಷೆ. ಗ್ರಂಥಿ ಇಲ್ಲದ ಮೇಲೆ ಅದರ ಮಟ್ಟ ಏರತೊಡಗಿದರೆ ರೋಗ ಮರಳಿರಬಹುದೆಂದು ಬೇಗ ತಿಳಿಯುತ್ತದೆ. ಕ್ಯಾಪ್ಸೂಲ್ ನುಂಗಿದ ಕೆಲವು ದಿನಗಳಿಗೆ ಸ್ಕ್ಯಾನ್ ಮಾಡಿದಾಗ ನನ್ನ ಹೊಟ್ಟೆಯಲ್ಲಿ ಸಣ್ಣ ಚುಕ್ಕೆಗಳು ಕಂಡವು. ಔಷಧ ಸೇರಬೇಕಾದಲ್ಲಿಗೇ ಸೇರಿತ್ತು. ಅಲ್ಲೇ ಅತ್ತುಬಿಟ್ಟೆ, ಸಮಾಧಾನಕ್ಕೆ.

ಕಷ್ಟವಾದದ್ದು ಅದಕ್ಕೂ ಮುಂಚಿನ ವಾರಗಳು. ಟಿಎಸ್‌ಎಚ್ (ಥೈರಾಯ್ಡ್ ಕೋಶಗಳು ಅಯೋಡಿನ್ ಹೀರುವಂತೆ ಪ್ರಚೋದಿಸುವ ಹಾರ್ಮೋನ್) ಏರಲೆಂದು, ಗ್ರಂಥಿ ತೆಗೆದ ಮೇಲೆ ಕೊಡುವ ಥೈರಾಯ್ಡ್ ಹಾರ್ಮೋನ್ ಮಾತ್ರೆ ನಿಲ್ಲಿಸಿದ್ದರು. ಮೈಯೆಲ್ಲ ಭಾರ, ಸದಾ ಚಳಿ, ಮಂಕು. ಮಾತ್ರೆ ನಿಲ್ಲಿಸದೆ ಇಂಜೆಕ್ಷನ್ ಕೊಟ್ಟು ಟಿಎಸ್‌ಎಚ್ ಏರಿಸುವ ದಾರಿಯೂ ಇದೆ, ಕೇಳಿ ನೋಡಿ. ಒಂದೆರಡು ವಾರ ಅಯೋಡಿನ್ ಉಪ್ಪು, ಸಮುದ್ರದ ಮೀನು, ಹಾಲಿನ ಪದಾರ್ಥ ಬಿಡಬೇಕು. ಇತ್ತೀಚೆಗೆ ಕಾಂಟ್ರಾಸ್ಟ್ ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ತಪ್ಪದೆ ಹೇಳಿ, ಅದರಲ್ಲೂ ಅಯೋಡಿನ್ ಇರುತ್ತದೆ.

ತಂಗಿಗೆ ಮಕ್ಕಳ ಆಸೆ ಇದ್ದರೆ ಆ ಮಾತನ್ನು ಆಪರೇಷನ್‌ಗೂ ಮೊದಲೇ ಎತ್ತಿ. ಇನ್ನೊಂದು ಅಂಡಾಶಯ ಉಳಿಸಲು ಸಾಧ್ಯವೇ ಎಂದು ಆಗಲೇ ಕೇಳಬೇಕು. ಗರ್ಭಿಣಿಗೆ ಈ ಔಷಧ ಕೊಡುವಂತಿಲ್ಲ, ಕೊಟ್ಟ ಮೇಲೂ ಆರು ತಿಂಗಳಿಂದ ವರ್ಷದವರೆಗೆ ಗರ್ಭ ಧರಿಸಬಾರದು. ಎದೆಹಾಲು ಕುಡಿಸುತ್ತಿದ್ದರೆ ವಾರಗಳ ಮುಂಚೆಯೇ ಬಿಡಿಸಬೇಕು. ನನಗೆ ಇದನ್ನೆಲ್ಲ ಯಾರೂ ಮೊದಲೇ ಹೇಳಿರಲಿಲ್ಲ.