ಹೈಕೋರ್ಟಲ್ಲಿ ಸೋತ್ರೆ ಸುಪ್ರೀಂ ಕೋರ್ಟ್ ನಮ್ಮ ಕೇಸ್ ತಗೊಳ್ಳುತ್ತಾ?

ತಗೊಳ್ಳಲೇಬೇಕು ಅಂತೇನಿಲ್ಲ. ಮುಂಬೈ ಮಾಟುಂಗಾದ ಪಗಡಿ ರೂಮಿನ (ಮೊದಲೇ ದೊಡ್ಡ ಮೊತ್ತ ಕೊಟ್ಟು, ಆಮೇಲೆ ಕಮ್ಮಿ ಬಾಡಿಗೇಲಿ ಇರೋ ರೂಮು) ಕೇಸು ಬಾಂಬೆ ಹೈಕೋರ್ಟಲ್ಲಿ ಸೋತಿದೀವಿ, ದಿಲ್ಲಿಗೆ ಹೋದ್ರೆ ಕೇಳ್ತಾರಾ ಅಂದ್ರಲ್ಲ, ಇಂಥ ಕೇಸಲ್ಲಿ ಅಲ್ಲಿ ಅಪೀಲು ನಿಮ್ಮ ಹಕ್ಕಲ್ಲ, ಮೊದ್ಲು ಅಪೀಲ್ ಮಾಡೋಕೆ ಪರ್ಮಿಷನ್ ಕೊಡಿ ಅಂತಾನೇ ಒಂದು ಅರ್ಜಿ ಹಾಕ್ಬೇಕು, ವಕೀಲರು ಎಸ್‌ಎಲ್‌ಪಿ ಎಸ್‌ಎಲ್‌ಪಿ (ಸ್ಪೆಷಲ್ ಲೀವ್ ಪಿಟಿಷನ್) ಅಂತಾರಲ್ಲ ಅದೇ ಇದು, ಸಂವಿಧಾನದ 136ನೇ ವಿಧಿ. ತೀರ್ಪು ಬಂದು ಸಾಮಾನ್ಯವಾಗಿ 90 ದಿನದೊಳಗೆ ಹಾಕ್ಬೇಕು.

ಹೆಚ್ಚಾಗಿ ಇಬ್ಬರು ಜಡ್ಜ್ ಮುಂದೆ ಬರುತ್ತೆ, ಎಷ್ಟೋ ಸಲ ಕೆಲವೇ ನಿಮಿಷದಲ್ಲಿ ಮುಗಿದೂ ಹೋಗುತ್ತೆ. ಹೈಕೋರ್ಟ್ ತಪ್ಪು ಮಾಡಿದೆ ಅಂದ್ರಷ್ಟೇ ಸಾಲಲ್ಲ, ಇದ್ರಲ್ಲಿ ಬೇರೆಯವರಿಗೂ ತಟ್ಟೋ ಕಾನೂನಿನ ಪ್ರಶ್ನೆ ಇದೆಯಾ, ಎರಡು ಹೈಕೋರ್ಟು ಎರಡು ಥರ ಹೇಳಿವೆಯಾ, ಇಲ್ಲಾಂದ್ರೆ ಸುಮ್ನಿರೋಕಾಗದಷ್ಟು ಅನ್ಯಾಯ ಆಗಿದೆಯಾ ಅಂತ ನೋಡ್ತಾರೆ. ಬಾಡಿಗೆ ರಸೀದಿ ಅಪ್ಪನ ಹೆಸರಲ್ಲಿತ್ತಾ ಚಿಕ್ಕಪ್ಪನ ಹೆಸರಲ್ಲಿತ್ತಾ ಅನ್ನೋ ಸಾಕ್ಷಿ ಜಗಳಾನ ಮತ್ತೆ ಮೊದಲಿಂದ ತೂಗೋದು ತುಂಬಾ ಅಪರೂಪ, ಅದಕ್ಕೇ ಅಂತ ಮುಂಬೈಲಿ ಬಾಡಿಗೆ ಕೇಸು ಮೊದ್ಲು ಕೇಳೋ ಸ್ಮಾಲ್ ಕಾಸಸ್ ಕೋರ್ಟು, ಅದ್ರ ಮೇಲಿನ ಕೋರ್ಟು ಎಲ್ಲ ಇರೋದು. ದೇಶದ ಎಲ್ಲಾ ಹೈಕೋರ್ಟಿಂದ ಬರೋ ಜಗಳಾನೆಲ್ಲ ಪೂರ್ತಿ ಕೇಳ್ತಾ ಕೂತ್ರೆ ಮುಗಿಯೋ ಮಾತಾ ಹೇಳಿ.

ಪರ್ಮಿಷನ್ನೇ ಕೊಡದೆ, ಕಾರಣಾನೂ ಹೇಳದೆ ವಜಾ ಮಾಡಿದ್ರೆ ಹೈಕೋರ್ಟ್ ಹೇಳಿದ್ದು ಸರಿ ಅಂತ ಒಪ್ಪಿದ ಹಾಗಲ್ಲ, 2000ರ ಕುನ್ಹಯಮ್ಮದ್ ಕೇಸಲ್ಲಿ ಸುಪ್ರೀಂ ಕೋರ್ಟೇ ಇದನ್ನ ಹೇಳಿದೆ. ನಿಮ್ಮ ಮಟ್ಟಿಗೆ ಮಾತ್ರ ಹೈಕೋರ್ಟ್ ತೀರ್ಪೇ ಉಳಿಯುತ್ತೆ.

ಹಕ್ಕಿನಿಂದ ಹೋಗೋ ಕೇಸೂ ಇವೆ, ಉದಾಹರಣೆಗೆ ಕೆಳಗಿನ ಕೋರ್ಟಲ್ಲಿ ಬಿಡುಗಡೆ ಆದವನಿಗೆ ಹೈಕೋರ್ಟ್ ಅದನ್ನ ತಿರುಗಿಸಿ ಗಲ್ಲು ಕೊಟ್ರೆ.